ಯಾವ ಗಿಡಾನೂ ಇಳಿಸದ ಕಂಡಕ್ಟರ್ ಮಾವ

ಇವತ್ತು ಬೆಳಿಗ್ಗೆ ಗಿಡಕ್ಕೆ ಗೊಬ್ಬರ ಅಂತ ಕಡ್ಲೆಕಾಯಿ ಹಿಂಡಿ ನೆನೆಹಾಕಿದ್ದ ಬಕೆಟ್ ಮುಚ್ಚಳ ತೆಗೆದೆ ನೋಡಿ, ಕಣ್ಣಲ್ಲಿ ನೀರು ಬಂತು. ಭಾವುಕತೆಗಲ್ಲ, ಗಬ್ಬುನಾತಕ್ಕೆ. ಮೂಗು ಮುಚ್ಕೊಂಡು ನಿಂತಿರೋವಾಗ್ಲೇ ನಂಜನಗೂಡಿನ ಮಾವ ನೆನಪಾದ್ರು. ಅವರ ಹಿತ್ತಿಲು ವರ್ಷವಿಡೀ ಇದೇ ವಾಸನೆ ಹೊಡೀತಿತ್ತು.

ಮನೆ ಕೈತೋಟದಲ್ಲಿ ಏನೇನು ತಪ್ಪು ಮಾಡ್ಬಾರ್ದು ಹೇಳಿ ಅಕ್ಕ ಅಂತ ನೀವೆಲ್ಲ ಮೆಸೇಜ್ ಹಾಕ್ತಾನೇ ಇರ್ತೀರ. ನನ್ನೇನು ಕೇಳ್ತೀರಿ? ನಾನು ಬ್ಯಾಂಕಲ್ಲಿ ಪ್ಲಾಸ್ಟಿಕ್ ಗಿಡ ಬಾಡಿದೆ ಅಂತ ನೀರು ಹಾಕಿದೋಳು. ಆದ್ರೆ ಅಷ್ಟೂ ತಪ್ಪನ್ನ ಒಂದೇ ಹಿತ್ತಿಲಲ್ಲಿ ನೋಡಿದೀನಿ.

ಮಾವ ಅಂದ್ರೆ ನಮ್ಮಮ್ಮನ ಅಣ್ಣ. ನಂಜನಗೂಡು–ನರಸೀಪುರ ರೂಟಲ್ಲಿ ಬಸ್ ಕಂಡಕ್ಟರ್ ಆಗಿದ್ರು. ರಿಟೈರ್ ಆದ್ಮೇಲೆ ಬ್ಯಾಗ್ ಬಿಟ್ರು, ಬುದ್ಧಿ ಬಿಡ್ಲಿಲ್ಲ. ಒಗೆಯೋ ಕಲ್ಲಿಗೂ ಕಾಂಪೌಂಡಿಗೂ ನಡುವೆ ಒಂದು ಮಂಚ ಹಿಡಿಸೋವಷ್ಟು ಜಾಗ. ಅದ್ರಲ್ಲೇ ನುಗ್ಗೆ, ಪರಂಗಿ, ಕರಿಬೇವು, ಬದನೆ, ಕನಕಾಂಬರ, ಗುಲಾಬಿ. ದಾರೀಲಿ ಯಾರಾದ್ರೂ ಬಿಸಾಕಿದ ಕಡ್ಡಿ ಕಂಡ್ರೂ ಹತ್ತಿಸ್ಕೊಂಡು ಬಂದ್ಬಿಡೋರು. ಅದನ್ನ ನೆಡೋವಾಗ ಗುಲಾಬಿಗೆ, "ಒಸಿ ಸರ್ಕೊಳವ್ವ, ಎಲ್ರೂ ಓಗ್ಬೇಕಲ್ವಾ" ಅನ್ನೋರು. ಗುಲಾಬಿ ಪಾಪ ಎಲ್ಲಿಗೆ ಸರಿಯುತ್ತೆ? ಕಾಂಪೌಂಡ್ ಮೇಲೆ ತಲೆ ಇಟ್ಟು ಪಕ್ಕದ ಮನೇಲಿ ಹೂ ಬಿಡ್ತಿತ್ತು.

ನೀರಿನ ಕಥೆ ಇನ್ನೊಂದು. ತಿಂಡಿ ಆದ ತಕ್ಷಣ ನೀರು, ಸಂಜೆ ಕಾಫಿ ಆದ ತಕ್ಷಣ ನೀರು. ಮಳೆ ಬಂದ್ರೆ ಕೊಡೆ ಹಿಡ್ಕೊಂಡು ನೀರು. ಮೇಲಿಂದ ಸುರೀತಾ ಅದೆ ಕಣ್ರೀ ಅಂತ ಅತ್ತೆ ಒಳಗಿಂದ ಕೂಗಿದ್ರೆ, ಅದು ಮಳೆ ಟೈಮು, ಇದು ನನ್ ಟೈಮು ಅನ್ನೋರು.

ಈ ರಶ್ಶಿನ ಮಧ್ಯೆ ಅತ್ತೆ ನೆಟ್ಟಿದ್ದು ಒಂದೇ ಒಂದು ರಸಬಾಳೆ. ರಸಬಾಳೆ ಅಂದ್ರೆ ನಂಜನಗೂಡಿನೋರ ಎದೆ ಉಬ್ಬುತ್ತೆ, ಆದ್ರೆ ಮನೇಲಿ ಬೆಳೆದಿರೋರನ್ನ ಹುಡುಕಿದ್ರೆ ಸಿಗೋದು ಕಷ್ಟ. ಆಗ ನರಸೀಪುರದಲ್ಲಿ ಅತ್ತೆಯ ತಂಗಿ ಹೊಸ ಮನೆ ಕಟ್ಟಿಸ್ತಿದ್ರು. ಗೃಹಪ್ರವೇಶಕ್ಕೆ ಬಾಳೆಗೊನೆ ನಂದು ಅಂತ ಅತ್ತೆ ಫೋನಲ್ಲಿ ಹೇಳ್ಬಿಟ್ರು. ತಂಗಿ ನಕ್ಕು, ನೀವೇ ಅಂಗ್ಡೀಲಿ ಕೊಂಡು ತಿನ್ನೋರು, ಗೊನೆ ಎಲ್ಲಿಂದ ತತ್ತೀಯಕ್ಕ ಅಂದ್ರಂತೆ. ಅಲ್ಲಿಗೆ ಅತ್ತೆ ಮಾನ ಆ ಬಾಳೆಗಿಡದಲ್ಲಿ ನೇತಾಡ್ತು.

ಬಾಳೆ ಬುಡದಲ್ಲಿ ಕಂದು ಏಳುತ್ತಲ್ಲ, ಮರಿಗಿಡ, ಅದ್ರಲ್ಲಿ ಒಂದು ಬಿಟ್ಟು ಮಿಕ್ಕಿದ್ದು ತೆಗೀಬೇಕು. ಇಲ್ದಿದ್ರೆ ಸಾರ ಎಲ್ಲ ಅವೇ ಕುಡಿದು ಗೊನೆ ಸೊರಗುತ್ತೆ. ಮಾವಂಗೂ ಗೊತ್ತಿತ್ತು. ತಗಡೂರಿಂದ ಬಂದ ಅವರ ಹಳೇ ಡ್ರೈವರ್ ಸ್ನೇಹಿತ, ಬಾಳೆ ಬೆಳೀತಿದ್ದೀಯೋ ಅಂಗನವಾಡಿ ನಡೆಸ್ತಿದ್ದೀಯೋ ಅಂತ ಬೈದ್ರು ಕೂಡ.

ಮಾವನ ಮುಖ ಸಣ್ಣಗಾಯ್ತು. "ಎಳೇ ಮಕ್ಳು ಕಣ್ಲಾ. ತಾಯಿನ ಕೂರಿಸ್ಕೊಂಡು ಮಕ್ಳನ್ನ ಮಧ್ಯ ದಾರೀಲಿ ಇಳಿಸ್ಲಾ?"

ಅತ್ತೆ ಕಾಯ್ಲಿಲ್ಲ. ಮಾವ ಪೇಪರ್ ಹಿಡಿದು ಕೂತಾಗ ಒಂದೊಂದೇ ಕಂದು ಕಿತ್ತು ರಸ್ತೆಗೆಸೆಯೋರು. ಮಾವ ವಾಕಿಂಗ್ ಹೋದೋರು ಅದನ್ನೇ ಎತ್ಕೊಂಡು ಬಂದು, ಯಾರೋ ಪುಣ್ಯಾತ್ಮರು ಬಿಸಾಕವ್ರೆ ಅಂತ ನಲ್ಲಿ ಪಕ್ಕ ನೆಡೋರು. ಹಿತ್ತಿಲಿಗೆ ಕಾಲಿಡೋಕೆ ಜಾಗ ಇಲ್ದಂಗಾಯ್ತು.

ಕೊನೆಗೂ ಗೊನೆ ಬಂತು. ಎರಡು ಚಿಪ್ಪು, ಒಂದೊಂದು ಕಾಯೂ ಬಜ್ಜಿ ಮೆಣಸಿನಕಾಯಿ ಗಾತ್ರ. ಅತ್ತೆ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದ್ರು. ಅವರು ಸೆರಗು ಸಿಕ್ಕಿಸಿದ್ರೆ ಬೀದಿ ನಾಯೀನೂ ಆ ಮನೆ ಮುಂದೆ ಬೊಗಳ್ತಿರ್ಲಿಲ್ಲ.

ಗೃಹಪ್ರವೇಶದ ದಿನ ನಾನೂ ಜೊತೇಲಿದ್ದೆ. ಅತ್ತೆ ಗೊನೇನ ತಾವೇ ಹಿಡ್ಕೊಂಡು, ಬಾಯಿ ಹೊಲಿದ ಒಂದು ಗೋಣಿಚೀಲ ಕೊಟ್ಟು ಮಾವನ್ನ ಬಸ್ ಹತ್ತಿಸಿದ್ರು. ತೆಂಗಿನಕಾಯಿ ಇರ್ಬೇಕು ಅಂತ ಮಾವ ಕಾಲ ಹತ್ರ ಮಡಿಕ್ಕೊಂಡು ಕೂತ್ರು. ನರಸೀಪುರದಲ್ಲಿ ತಂಗಿ ಎಲ್ರೆದುರಿಗೆ ಆ ಗೊನೇನ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನಕ್ಕ, ಗೊನೆನೋ ಬೀಗದ ಕೈ ಗೊಂಚಲೋ?" ಅಂದ್ರು. ಮನೆ ತುಂಬ ನಗು.

ಅತ್ತೆ ನಿಧಾನಕ್ಕೆ ಚೀಲದ ಬಾಯಿ ಬಿಚ್ಚಿದ್ರು. ಒಳಗೆ ಪೂರ್ತಿ ಕಂದು. ರಾತ್ರಿ ಮಾವ ಮಲಗಿದ್ಮೇಲೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತು, ಎಲೆ ಸವರಿ, ಮಣ್ಣು ಒರೆಸಿದ್ದು.

"ಅದು ದೇವರಿಗೆ ಕಣವ್ವ. ಇದು ನಿಮಗೆ. ನಂಜನಗೂಡಿನ ಬೇರು. ಇಕ್ಕಂಡು ಬೆಳ್ಕಳಿ, ಅಂಗ್ಡಿಗೆ ಓಗೋದು ತಪ್ತದೆ."

ಅರಿಶಿನ ಕುಂಕುಮ ಕೊಟ್ಟು ಒಬ್ಬೊಬ್ಬರ ಮಡಿಲಿಗೂ ಒಂದೊಂದು ಕಂದು ಹಾಕಿದ್ರು. ನಗ್ತಿದ್ದೋರೆಲ್ಲ ಕ್ಯೂ ನಿಂತ್ರು. ಎಲ್ಲಿ ಖಾಲಿಯಾಗುತ್ತೋ ಅಂತ ತಂಗಿ ಎರಡು ಕಂಕುಳಲ್ಲೂ ಸಿಕ್ಕಿಸ್ಕೊಂಡ್ರು. ಮಾವ ಮಾತ್ರ ಹೆಣ್ಣು ಕೊಡೋ ಅಪ್ಪನ ಥರ ಒಬ್ಬೊಬ್ಬರನ್ನೂ ವಿಚಾರಿಸಿದ್ರು. ಬಿಸ್ಲು ಬತ್ತದಾ, ಜಾಗ ಅದಾ, ನೀರು ಯಾರು ಹಾಕ್ತಾರೆ. ಎರಡನೇ ಮಹಡೀಲಿ ಬಾಡಿಗೆಗಿದ್ದೀವಿ ಅಂದೋರ ಕೈಯಿಂದ ವಾಪಸ್ ಕಿತ್ಕೊಂಡ್ರು.

ಹಿತ್ತಿಲಲ್ಲಿ ಉಳಿದ ಆ ಒಂದು ಕಂದು ಉಸಿರಾಡ್ತು. ಆಮೇಲೆ ಅದು ಬಿಟ್ಟ ಗೊನೆಗೆ ಕವೆ ಕೋಲು ಕೊಟ್ಟು ನಿಲ್ಲಿಸ್ಬೇಕಾಯ್ತು. ಆದ್ರೆ ಮಾವ ಇವತ್ತಿಗೂ ಆಗಾಗ ಬಸ್ ಹತ್ತಿ ನರಸೀಪುರಕ್ಕೆ ಹೋಗಿ ಕಂದುಗಳ ಯೋಗಕ್ಷೇಮ ನೋಡ್ಕೊಂಡು ಬರ್ತಾರೆ. ಅಲ್ಲೂ ಒಂದನ್ನೂ ಕೀಳಕ್ಕೆ ಬಿಡಲ್ಲ. ಹೊಸ ಮನೆ ಬಾಗಿಲೇ ಕಾಣ್ತಿಲ್ಲ, ನಿನ್ ಗಂಡನ್ನ ಕರ್ಕೊಂಡು ಹೋಗಕ್ಕ ಅಂತ ತಂಗಿ ಫೋನ್ ಮಾಡಿದ್ರೆ, ಅತ್ತೆ ಆರಾಮಾಗಿ, ಊಟ ಹಾಕಿ ಕಳ್ಸವ್ವ ಅಂತಾರೆ.

ಹಿಂಡಿ ನೀರಿಗೆ ಬೇಕಾದಷ್ಟು ಬರೀ ನೀರು ಬೆರೆಸಿ ಹಾಕಿ, ಬುಡದ ಮಣ್ಣು ಒಣಗಿದ್ರಷ್ಟೇ ನೀರು ಹಾಕಿ, ಒಂದು ಕುಂಡಕ್ಕೆ ಒಂದೇ ಗಿಡ. ಇಷ್ಟೇ ಕಣ್ರೀ. ನಾನೂ ಇವತ್ತು ಒತ್ತೊತ್ತಾಗಿ ಎದ್ದಿರೋ ಸೇವಂತಿಗೆ ಸಸಿ ಕೀಳಕ್ಕೆ ಕೂತೆ. ಎರಡು ಕಿತ್ತೆ. ಮುಂದಿನದ್ರ ತುದೀಲಿ ಒಂದು ಮೊಗ್ಗಿತ್ತು. ಇದನ್ನ ಹೆಂಗೆ ಇಳಿಸ್ಲಿ? ನೆಡೋಕೆ ಇನ್ನೊಂದು ಕುಂಡಾನೂ ಇರ್ಲಿಲ್ಲ. ಆಮೇಲೆ ಒಳಗೆ ಹೋಗಿ ಅಕ್ಕಿ ಡಬ್ಬ ಖಾಲಿ ಮಾಡ್ಕೊಂಡು ಬಂದೆ.