ಓರೆಸ್ಟನ ಟ್ಯೂಬು ತಪಾಸಣೆ

ಕೆನಡಾದ ವಿನಿಪೆಗ್‌ನಲ್ಲಿ ಹಿಮ ಎಷ್ಟೇ ಬಿದ್ದಿರಲಿ, ಮಂಗಳವಾರ ಬೆಳಿಗ್ಗೆ ಓರೆಸ್ಟ್ ನಮಗಿಂತ ಮೊದಲೇ ವ್ಯಾಯಾಮದ ಹಾಲ್‌ನಲ್ಲಿರುತ್ತಾನೆ. ಹರೆಯದಲ್ಲಿ ಕೆರೆಗೆ ಧುಮುಕಿ ಕುತ್ತಿಗೆ ಮುರಿದುಕೊಂಡವನು. ಬೆರಳು ಏನನ್ನೂ ಹಿಡಿಯುವುದಿಲ್ಲ. ಕೈಗಳನ್ನು ಪಟ್ಟಿಯಿಂದ ಹಿಡಿಕೆಗೆ ಬಿಗಿಸಿಕೊಂಡು, ಸೈಕಲ್ ಪೆಡಲಿನಂಥ ಯಂತ್ರವನ್ನು ತೋಳಿನಿಂದಲೇ ತಿರುಗಿಸುತ್ತಾನೆ. ಅಲ್ಲಿ ನಾವೆಲ್ಲ ಗಾಲಿಕುರ್ಚಿಯವರೇ. ನನಗೆ ಸೊಂಟದ ಕೆಳಗೆ ಮಾತ್ರ ಹೋಗಿದೆ, ಬಾಯಿ ಗಟ್ಟಿಯಾಗಿದೆ. ನಾನು ಗೊಣಗಿದರೆ ಅವನದು ಒಂದೇ ಮಾತು: "ಕಾಲಿಗೆ ರಜ ಸಿಕ್ಕಿದೆ ಕಣಮ್ಮಾ, ಹೃದಯಕ್ಕೆ ಸಿಕ್ಕಿಲ್ಲ. ತಿರುಗ್ಸು!"

ಹಾಗನ್ನುವ ಹಕ್ಕು ಅವನಿಗಿದೆ. ಕೂತೇ ಇರುವವರ ಹೃದಯ ಬೇಗ ಸೋಲುತ್ತದೆ. ಅವನ ಹೃದಯದ ರಕ್ತನಾಳ ಕಟ್ಟಿಕೊಂಡಾಗ ಎದೆನೋವು ಕೂಡ ಗೊತ್ತಾಗಿರಲಿಲ್ಲ. ಆಸ್ಪತ್ರೆಯಿಂದ ಬಂದವನೇ ಊರಿನ ಗಾಲಿಕುರ್ಚಿಯವರನ್ನೆಲ್ಲ ಒಟ್ಟುಹಾಕಿ ಈ ತರಗತಿ ಶುರುಮಾಡಿದ.

ಅಲ್ಲಿ ಒಂದು ಪದ್ಧತಿಯಿದೆ. ಹಿಡಿಕೆ ಮುಟ್ಟುವ ಮೊದಲು ಪಕ್ಕದವರ ಮೂತ್ರದ ಚೀಲದ ಟ್ಯೂಬು ನೋಡಬೇಕು. ಅದು ಮಡಚಿಕೊಂಡರೆ ಕುತ್ತಿಗೆ ಮುರಿದವರಿಗೆ ತಿಳಿಯುವುದಿಲ್ಲ. ಆದರೆ ಮೂತ್ರ ಕಟ್ಟಿದ ಮೈ ಒಳಗೊಳಗೇ ಗಾಬರಿಬಿದ್ದು ರಕ್ತದೊತ್ತಡ ಗಗನಕ್ಕೇರುತ್ತದೆ. ತಲೆಯಲ್ಲಿ ರಕ್ತನಾಳ ಒಡೆದು ಜೀವವೇ ಹೋಗಬಹುದು. ಹಾಗಾಗಿ ನಮ್ಮಲ್ಲಿ ನಾಚಿಕೆಗೀಚಿಕೆ ಇಲ್ಲ. ಟ್ರೆಂಟ್ ಎಂಬ ಹುಡುಗನೊಬ್ಬ ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ನನ್ನ ಚೀಲ ನಾನು ನೋಡ್ಕೋತೀನಿ. ನೀವೇನು ಸುಂಕದ ಕಟ್ಟೆಯವ್ರಾ?"

ಟ್ರೆಂಟ್‌ನದೂ ಮುರಿದ ಕುತ್ತಿಗೆಯೇ. ಕುರ್ಚಿಗೆ ಕುರ್ಚಿ ಗುದ್ದಿಸಿ ಆಡುವ ನಮ್ಮ ರಗ್ಬಿ ತಂಡದಲ್ಲಿ ಅವನೇ ಹುಲಿ, ಓರೆಸ್ಟ್ ನಾಯಕ. ಪಕ್ಕದ ಪ್ರಾಂತ್ಯದ ರೆಜೈನಾ ಊರಿನ ತಂಡದವರು ವರ್ಷವರ್ಷವೂ ನಮ್ಮನ್ನು ಸದೆಬಡಿದು ಕಪ್ ಒಯ್ಯುತ್ತಿದ್ದರು. ಈ ಸಲದ್ದು ಓರೆಸ್ಟನ ಕೊನೆಯ ಆಟ. ಕಪ್ಪಿಗಾಗಿ ಅವನ ಜೀವ ಹಾತೊರೆಯುತ್ತಿತ್ತು. ಆ ಗಡಿಬಿಡಿಯಲ್ಲಿ, ಅಯ್ಯೋ ದೇವರೇ, ತಪಾಸಣೆಯನ್ನು ಅವನೇ ಮರೆತ.

ಫೈನಲ್‌ನಲ್ಲಿ ಟ್ರೆಂಟ್ ಮೈಮೇಲೆ ದೇವರು ಬಂದಂತೆ ಆಡಿದ. ಪಂದ್ಯ ಮುಗಿಯುತ್ತ ಬಂದಿತ್ತು, ನಾವು ಮುಂದಿದ್ದೆವು, ನಾನು ಅಂಗಳದ ಅಂಚಿನಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಓರೆಸ್ಟ್ ಇದ್ದಕ್ಕಿದ್ದಂತೆ ಆಟ ನಿಲ್ಲಿಸಲು ಕೇಳಿ ಟ್ರೆಂಟ್‌ನ ಕುರ್ಚಿಗೆ ಅಡ್ಡ ನಿಂತ. ಹುಡುಗನ ಮುಖ ಕೆಂಪುಕೆಂಪಾಗಿತ್ತು, ತೋಳಿನ ರೋಮವೆಲ್ಲ ನೆಟ್ಟಗಾಗಿತ್ತು.

"ತಲೆ ಸಿಡೀತಿದ್ಯೇನೋ?"

"ಸ್ವಲ್ಪ. ಬಿಡೋ ಮುದುಕ, ಇನ್ನೇನು ಗೆದ್ವಿ."

"ಸ್ವಲ್ಪ ಅಂತೆ! ಟ್ಯೂಬ್ ತೋರ್ಸು."

ಟ್ಯೂಬಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಬೇಕೆಂದೇ ಕಟ್ಟಿಕೊಂಡಿದ್ದ! ರಕ್ತದೊತ್ತಡ ಏರಿದರೆ ಸೋತ ತೋಳಿಗೂ ಎಲ್ಲಿಲ್ಲದ ಬಲ ಬರುತ್ತದೆಂಬ ಕಳ್ಳದಾರಿ ನಮ್ಮವರಿಗೆ ಗೊತ್ತು. ನಾನು ಕುರ್ಚಿಯನ್ನು ಅಂಗಳಕ್ಕೆ ನುಗ್ಗಿಸಿ ಬ್ಯಾಂಡ್ ಕಿತ್ತು ಬಿಸಾಡಿದೆ, ಓರೆಸ್ಟ್ ಆಂಬುಲೆನ್ಸ್‌ಗೆ ಕೂಗು ಹಾಕಿದ.

"ನಿಂಗೆ ಗೆಲ್ಲೋ ಆಸೆ ಇಲ್ವಾ?" ಟ್ರೆಂಟ್ ಅಳುತ್ತ ಕಿರುಚಿದ.

"ಇದೆ ಕಣೋ. ನಿನ್ನ ಹೆಣದ ಪಕ್ಕ ಕಪ್ ಇಟ್ಟು ಫೋಟೋ ತೆಗೆಸ್ಕೊಳ್ಳೋ ಆಸೆ ಇಲ್ಲ."

ಬದಲಿ ಆಟಗಾರನಿರಲಿಲ್ಲ. ನಾಲ್ವರ ಆಟದಲ್ಲಿ ಉಳಿದ ಮೂವರೇ ಆಡಿ ಸೋತರು. ಕಪ್ ಮತ್ತೆ ರೆಜೈನಾಗೆ ಹೋಯಿತು. ವ್ಯಾನಿನಲ್ಲಿ ಬರುವಾಗ ಓರೆಸ್ಟ್ ಇಡೀ ದಾರಿ ತನ್ನನ್ನೇ ಬೈದುಕೊಂಡ: "ಕಪ್ಪಿನ ಮೇಲೆ ಕಣ್ಣಿಟ್ಟು ಹುಡುಗನ್ನ ನೋಡ್ಲಿಲ್ಲ ನಾನು." ತಂಡದವರು ಒಬ್ಬರೂ ಅವನನ್ನು ದೂರಲಿಲ್ಲ. ಅಂಥ ಮನುಷ್ಯನನ್ನು ದೂರಲು ನಾಲಿಗೆ ಏಳಬೇಕಲ್ಲ!

ಟ್ರೆಂಟ್ ಬದುಕಿಕೊಂಡ, ಆದರೆ ಮುನಿಸಿಕೊಂಡು ಹಾಲ್ ಕಡೆ ತಲೆಹಾಕಲಿಲ್ಲ. ಓರೆಸ್ಟ್ ಪ್ರತಿ ವಾರವೂ ಅವನ ಯಂತ್ರವನ್ನು ಒರೆಸಿಡುತ್ತಿದ್ದ.

ಹಿಮ ಕರಗುವ ಹೊತ್ತಿಗೆ ಒಂದು ಮಂಗಳವಾರ ಟ್ರೆಂಟ್ ಬಂದ. ಯಾರಿಗೂ ನಮಸ್ಕಾರವಿಲ್ಲ, ಏನಿಲ್ಲ. ನೇರ ಓರೆಸ್ಟನ ಪಕ್ಕಕ್ಕೆ ಹೋಗಿ, ಬಗ್ಗಿ, ಟ್ಯೂಬು ನೋಡಿದ. ನೋಡಿದವನ ಮುಖ ಬಿಳುಚಿಕೊಂಡಿತು.

"ಮುದುಕ, ನಿಂದು ತೊಡೆ ಅಡಿ ಮಡ್ಚಿಕೊಂಡಿದೆ ಕಣೋ. ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಮರಗಟ್ಟಿದ ಬೆರಳುಗಳಿಂದಲೇ ಟ್ರೆಂಟ್ ಅದನ್ನು ಮೆಲ್ಲಗೆ ಬಿಡಿಸಿ ನೇರ ಮಾಡಿದ. ಆಮೇಲೆ ತನ್ನ ಚೀಲವನ್ನು ಓರೆಸ್ಟನ ಕಡೆ ತಿರುಗಿಸಿ, "ಈಗ ನಂದು ನೋಡು" ಅಂದ.

ಓರೆಸ್ಟ್ ನೋಡಿದ. ಕಣ್ಣು ತುಂಬಿದ್ದರಿಂದ ಬಹಳ ಹೊತ್ತು ನೋಡಬೇಕಾಯಿತು.