ಆಲ್ಪ್ಸ್ ಯಾವ ದ್ವೀಪದಲ್ಲಿದೆ?

ಕನ್ನಡಿಗನಾದವನು ಬದುಕಿನಲ್ಲಿ ಒಮ್ಮೆಯಾದರೂ ಕಾಶಿಗೆ ಹೋಗಬೇಕೆಂದು ಬಲ್ಲವರು ಹೇಳುತ್ತಾರೆ. ಕಾಶಿಯಲ್ಲೇ ಇರುವ ಕನ್ನಡಿಗ ಎಲ್ಲಿಗೆ ಹೋಗಬೇಕೆಂದು ಯಾವ ಬಲ್ಲವರೂ ಹೇಳಿದಂತಿಲ್ಲ. ಈ ಲೋಪ ನನ್ನ ಗಮನಕ್ಕೆ ಮೊದಲು ಬಂದದ್ದು ನನ್ನ ಮದುವೆಯ ದಿನ.

ವರನಾದವನು ಛತ್ರಿ, ಕೋಲು ಹಿಡಿದು, ಸಂಸಾರವೇ ಬೇಡ, ಕಾಶಿಗೆ ಹೊರಟೆ ಎಂದು ಮುನಿಸಿನ ಮುಖ ಮಾಡಿಕೊಂಡು ನಡೆಯುವುದು, ಹೆಣ್ಣಿನ ತಂದೆ ಅಡ್ಡ ಬಂದು “ಹೋಗಬೇಡಿ, ಹಿಂದಿರುಗಿ, ಮಗಳನ್ನು ಕೊಡುತ್ತೇನೆ” ಎಂದು ಬೇಡಿಕೊಳ್ಳುವುದು ನಮ್ಮ ಮದುವೆಗಳ ಪದ್ಧತಿ. ನಾನಾಗ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಭೂವಿಜ್ಞಾನ ಕಲಿಸಲು ಬಂದಿದ್ದ ಹೊಸ ಮೇಷ್ಟ್ರು. ಹುಡುಗಿ ಹನುಮಾನ್ ಘಾಟಿನ ಕನ್ನಡ ಪುರೋಹಿತರ ಮಗಳು. ಮದುವೆಯೂ ಅದೇ ಓಣಿಯಲ್ಲಿ. ಛತ್ರಿ ಕೈಗೆ ಬಂತು, ಕೋಲೂ ಬಂತು. ಹೋಗಬೇಕಾದ ಊರಿನಲ್ಲೇ ನಿಂತಿದ್ದೆ. ಹಿರಿಯರು ಕೂತು ಚರ್ಚಿಸಿ, ಪಕ್ಕದ ಕೇರಿ ಬಂಗಾಲಿ ಟೋಲಾದ ಕಡೆಗೆ ನಾಲ್ಕು ಹೆಜ್ಜೆ ಇಟ್ಟರೆ ಕಾಶಿಗೆ ಹೋದ ಹಾಗೆಯೇ ಎಂದು ತೀರ್ಪಿತ್ತರು. ಹೋದೆ. ಮಾವನವರು ತಡೆಯುವ ಮೊದಲೇ ಓಣಿಯ ತಿರುವಿನಲ್ಲಿ ಒಂದು ಗೂಳಿ ತಡೆಯಿತು. ಅದು ಮಗಳನ್ನು ಕೊಡುವ ಮಾತೆತ್ತಲಿಲ್ಲವಾದ್ದರಿಂದ ಹಿಂದಿರುಗಿ ಮಾವನವರ ಮಗಳನ್ನೇ ಮದುವೆಯಾದೆ.

ಯಾರು ಹೋಗಬೇಕು, ಎಲ್ಲಿಗೆ, ಯಾರು ತಡೆಯಬೇಕು ಎಂಬ ಅಂದಿನ ಗೊಂದಲ ಹೋದ ವರ್ಷ ಮತ್ತೆ ತಲೆಯೆತ್ತಿತು. ಈ ಸಲ ಛತ್ರಿ ಹಿಡಿದು ಹೊರಟವಳು ನನ್ನ ಹೆಂಡತಿ. ಹೊರಟದ್ದು ಆಲ್ಪ್ಸ್ ಪರ್ವತಕ್ಕೆ. ಒಬ್ಬಳೇ.

ನಮ್ಮ ಮನೆಯ ಕೆಳಭಾಗದಲ್ಲಿ ನನ್ನ ಭಾವಮೈದುನ ತಂದೆಯ ಪೌರೋಹಿತ್ಯವನ್ನೂ ಯಾತ್ರಿಕರ ನಾಲ್ಕು ಕೋಣೆಗಳನ್ನೂ ನಡೆಸುತ್ತಾನೆ. ಮೇಲೆ ನಾವಿಬ್ಬರು. ಊರಿನಿಂದ ಬರುವ ಹೆಂಗಸರನ್ನು ಗುಡಿಗೆ, ದೋಣಿಗೆ, ಸೀರೆಯಂಗಡಿಗೆ ಕರೆದೊಯ್ಯುವ ಕೆಲಸ ಮೊದಲಿನಿಂದಲೂ ಇವಳದು. ಊರಿಗೆಲ್ಲ ನೋಟ ತೋರಿಸಿದ ಇವಳಿಗೆ ತಾನು ನೋಡಬೇಕೆಂದಿದ್ದದ್ದು ಒಂದೇ: ಹಿಮ. ದೂರದಿಂದ ಅಲ್ಲ, ಕಾಲಡಿಯಲ್ಲಿ. ಬದರಿಗೆ ಹೊರಡಲು ಗಂಟು ಕಟ್ಟಿದಾಗಲೆಲ್ಲ ಯಾರಾದರೂ ಅಪರಕ್ರಿಯೆಗೆಂದು ಬಂದಿಳಿಯುತ್ತಿದ್ದರು. ಸತ್ತವರು ಮೊದಲೇ ಹೇಳಿ ಕಳಿಸುವುದಿಲ್ಲ. ಗಂಟು ಬಿಚ್ಚಿ ಇವಳು ಒಲೆಯ ಮುಂದೆ ನಿಲ್ಲುತ್ತಿದ್ದಳು.

ಹೀಗಿರುವಾಗ ಆಲ್ಪ್ಸ್ ಕಡೆಯ ಹೆಂಗಸೊಬ್ಬಳು ಗಂಗೆಯ ನೀರಿನ ಪರೀಕ್ಷೆಗೆಂದು ಬಂದು ಒಂದು ಚಳಿಗಾಲವಿಡೀ ನಮ್ಮ ಮೇಲಿನ ಕೋಣೆಯಲ್ಲಿದ್ದಳು. ನೀರಿನ ವಿಷಯ ಏನು ಕಂಡುಕೊಂಡಳೋ ತಿಳಿಯದು. ಹುಳಿ ಮಾಡುವುದನ್ನಂತೂ ಕಲಿತಳು. ಹೊರಡುವಾಗ ಇಬ್ಬರಿಗೂ ಆಹ್ವಾನವಿತ್ತಳು. ನಾವಿಬ್ಬರೂ ವೀಸಾಕ್ಕೆ ಅರ್ಜಿ ಹಾಕಿದೆವು. ಇವಳಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ನಾನು ಹಿಂದಿರುಗುವೆನೆಂಬ ಭರವಸೆ ಅವರಿಗೆ ಬರಲಿಲ್ಲವಂತೆ. ಮಣಿಕರ್ಣಿಕೆಯ ಚಿತೆಯ ಮೂಲಕವಲ್ಲದೆ ಈ ಊರು ಬಿಡಲಾರೆನೆಂದು ಮನಸ್ಸಿನಲ್ಲೇ ಬರೆದುಕೊಟ್ಟು ಕೂತಿದ್ದವನ ಮೇಲೆ, ಅಲ್ಲಿನ ಹಸುಗಳ ನಡುವೆ ತಲೆಮರೆಸಿಕೊಂಡುಬಿಟ್ಟಾನೆಂಬ ಶಂಕೆ! ನನ್ನ ಜೀವನದಲ್ಲಿ ಇಷ್ಟು ಸಾಹಸಿಯೆಂದು ನನ್ನನ್ನು ಯಾರೂ ಭಾವಿಸಿರಲಿಲ್ಲ. ಅವಮಾನವೋ ಹೊಗಳಿಕೆಯೋ ಇನ್ನೂ ತೀರ್ಮಾನವಾಗಿಲ್ಲ.

“ನೀನೂ ಬಿಡು ಹಾಗಾದ್ರೆ,” ಎಂದೆ.

“ಯಾಕೆ ಬಿಡ್ಲಿ? ನಂಗೆ ಕೊಟ್ಟಿದಾರಲ್ಲ,” ಎಂದಳು.

ಹೊರಟ ಬೆಳಗ್ಗೆ ಟೋಟೋ ಎಂಬ ಬ್ಯಾಟರಿ ರಿಕ್ಷಾ ಹತ್ತಲು ಓಣಿಯ ತುದಿಗೆ ನಡೆದೆವು. ಇವಳ ಒಂದು ಕೈಯಲ್ಲಿ ಛತ್ರಿ, ಮಂಡಿನೋವಿನ ದೆಸೆಯಿಂದ ಇನ್ನೊಂದು ಕೈಯಲ್ಲಿ ಕೋಲು. ಭಾವಮೈದುನ ಹಿಂದಿನಿಂದ ಕೂಗಿದ: “ಭಾವ, ತಡೀರಿ ತಡೀರಿ! ಅವತ್ತು ನಮ್ಮಪ್ಪ ತಡೆದ್ರು, ಇವತ್ತು ನಿಮ್ಮ ಪಾಳಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹೆಂಡತಿ ಹೊರಟರೆ ಗಂಡ ಯಾವ ಮಾತಿನಿಂದ ತಡೆಯಬೇಕೆಂದು ಪದ್ಧತಿಯಲ್ಲಿಲ್ಲ. ಗೂಳಿಯೂ ಆ ಹೊತ್ತಿಗೆ ಎಲ್ಲೋ ಹೋಗಿತ್ತು. ಟೋಟೋ ಹೊರಟಿತು.

ಆಮೇಲಿನ ದಿನಗಳಲ್ಲಿ ಓಣಿ ನನ್ನನ್ನು ವಿಚಾರಣೆಗೆ ಒಳಪಡಿಸಿತು. ಹಾಲಿನವನು ದನಿ ತಗ್ಗಿಸಿ, “ಮಾಸ್ಟರ್ ಸಾಹಬ್, ಝಗಡಾ ಹುವಾ ಕ್ಯಾ?” ಎಂದು ಕೇಳಿದ. ಜಗಳವಲ್ಲ, ಪರ್ವತ ನೋಡಲು ಹೋಗಿದ್ದಾಳೆ ಎಂದರೆ, ಅದು ಬದರಿಗಿಂತ ಮೇಲೋ ಕೆಳಗೋ ಎಂದ. ಸೇವೆಯುದ್ದಕ್ಕೂ ಪರ್ವತಗಳನ್ನೇ ಪಾಠ ಹೇಳಿದ ನಾನು, ಎತ್ತರವೆಂದರೆ ಯಾವುದರಿಂದ, ಗುಡಿಯೋ ಶಿಖರವೋ ಎಂದು ಆರಂಭಿಸಿದೆ. ಅವನು ಹಾಲು ಅಳೆದು ಹೊರಟುಹೋದ. ಕೆಳಗೆ ಇಳಿದುಕೊಂಡಿದ್ದ ಧಾರವಾಡದ ಕಡೆಯ ಮುದುಕಿಯದು ಇನ್ನೂ ಕಷ್ಟದ ಪ್ರಶ್ನೆ.

“ಅಮ್ಮಾರು ಎಲ್ಲಿಗೆ ಹೋಗ್ಯಾರ್ರೀ?”

“ಯಾತ್ರೆಗೆ.”

“ಕಾಶಿ ಬಿಟ್ಟು ಎಲ್ಲೀ ಯಾತ್ರಾರೀ?”

ಅವರನ್ನು ಗುಡಿಗೆ ಕರೆದುಕೊಂಡು ಹೋದೆ. ಹೆಂಡತಿಯ ಕೆಲಸ ನನ್ನ ಪಾಲಿಗೆ ಬಂದಿತ್ತಲ್ಲ. ದಾರಿ ತಪ್ಪಿ ಒಂದೇ ಗಣಪತಿಯನ್ನು ಎರಡು ಸಲ ತೋರಿಸಿದೆ. ಮುದುಕಿ ಎರಡು ಸಲವೂ ಭಕ್ತಿಯಿಂದ ಕೈಮುಗಿದರು.

ಅತ್ತ ಇವಳ ವಾರ್ತೆಗಳು ವೀಡಿಯೊ ಕರೆಯಲ್ಲಿ ಬರುತ್ತಿದ್ದವು. ಒಂದೊಂದೂ ನನ್ನನ್ನು ಇನ್ನಷ್ಟು ಮಂಕಾಗಿಸುತ್ತಿತ್ತು. ಕರೆದಿದ್ದ ಹೆಂಗಸು ಬೆಳಗಾದರೆ ಕೆಲಸಕ್ಕೆ ಹೋಗುವಳು. ಇವಳು ತಾನೇ ತಿರುಗಬೇಕು. ಅಲ್ಲಿ ದಾರಿಗೊಂದು ಹಳದಿ ಫಲಕವಂತೆ; ಅದರಲ್ಲಿ ಮುಂದಿನ ಊರಿಗೆ ಇಷ್ಟು ದೂರ ಎಂದು ಬರೆದಿರುವುದಿಲ್ಲ, ನಡೆದರೆ ಇಷ್ಟು ಹೊತ್ತು ಎಂದು ಬರೆದಿರುತ್ತದಂತೆ. “ಯಾರ ಮಂಡೀಲಿ ನಡೆದ್ರೆ ಅಂತ ಬರೆದಿಲ್ಲ ರೀ!” ಹಲ್ಲಿನ ಚಕ್ರದ ರೈಲು ಗುಡ್ಡವನ್ನು ಕಚ್ಚಿಕೊಂಡು ಹತ್ತುತ್ತದಂತೆ. ಹಸುವಿನ ಕೊರಳಲ್ಲಿ ನಮ್ಮ ಗುಡಿಯ ಗಂಟೆಯಷ್ಟು ದೊಡ್ಡ ಗಂಟೆಯಂತೆ. ಜನ ಒಬ್ಬೊಬ್ಬರೇ ಬೆಂಚಿನ ಮೇಲೆ ಕೂತು ಬೆಟ್ಟ ನೋಡುತ್ತಾರಂತೆ.

“ನೋಡಿ ಏನು ಮಾಡ್ತಾರೆ?”

“ಏನೂ ಇಲ್ಲ. ನೋಡ್ತಾರೆ.”

“ಆಮೇಲೆ?”

“ಎದ್ದು ಹೋಗ್ತಾರೆ ರೀ. ನೀವೂ ಘಾಟ್ ಮೇಲೆ ಮತ್ತಿನ್ನೇನು ಮಾಡ್ತೀರಿ?”

ಕರಗಿಸಿದ ಚೀಸಿನ ಬಾಣಲೆಗೆ ಬ್ರೆಡ್ಡು ಅದ್ದಿ ತಿನ್ನುವ ತಿಂಡಿಯೊಂದುಂಟಂತೆ. ಹೋಟೆಲಿನಲ್ಲಿ ಒಬ್ಬರಿಗೆ ಅದನ್ನು ಕೊಡುವುದಿಲ್ಲವಂತೆ, ಇಬ್ಬರಾದರೆ ಮಾತ್ರ. ಒಂಟಿ ಪ್ರವಾಸಿಗೆ ಇದೇ ಶಿಕ್ಷೆ. ಇವಳು ಪಕ್ಕದ ಮೇಜಿನಲ್ಲಿ ಒಂಟಿಯಾಗಿದ್ದ ಇನ್ನೊಬ್ಬ ಮುದುಕಿಯನ್ನು ಕೈಸನ್ನೆಯಿಂದ ಕರೆದು ಕೂರಿಸಿಕೊಂಡು, ಇಬ್ಬರೂ ಒಂದೇ ಬಾಣಲೆಯಿಂದ ತಿಂದರಂತೆ. ಪುರೋಹಿತರ ಮಗಳು! ನಾನು ತಡೆಯಲಾರದೆ, “ಎಂಜಲಲ್ಲವೇನೇ?” ಎಂದೆ.

“ಫೋರ್ಕು ಉದ್ದ ಇದೆ ರೀ,” ಎಂದಳು.

ಇದು ಯಾವ ಧರ್ಮಶಾಸ್ತ್ರದ ವಚನವೆಂದು ಭಾವಮೈದುನನನ್ನು ಕೇಳಿದೆ. ಅವನು ನೋಡಿ ಹೇಳುತ್ತೇನೆಂದ.

ಆದರೆ ಹಿಮ ನೋಡುವುದು ಇನ್ನೂ ಆಗಿರಲಿಲ್ಲ. ಬೇಸಿಗೆಯಾದ್ದರಿಂದ ಅದು ಮೇಲೆ ಶಿಖರದ ಹತ್ತಿರ ಮಾತ್ರ. ಅಲ್ಲಿಗೆ ರೋಪ್‌ವೇಯಲ್ಲೇ ಹೋಗಬೇಕು. ನಾಳೆ, ನಾಳೆ ಎನ್ನುತ್ತಿದ್ದಳು. ಮೋಡ ಎನ್ನುತ್ತಿದ್ದಳು, ಗಾಳಿ ಎನ್ನುತ್ತಿದ್ದಳು. ಮರಳುವ ಮುನ್ನಾದಿನ ಮೋಡವೂ ಇರಲಿಲ್ಲ, ಗಾಳಿಯೂ ಇರಲಿಲ್ಲ.

ಅಂದು ನಮಗೆ ಮಧ್ಯಾಹ್ನ. ಭಾವಮೈದುನ ಆಗತಾನೇ ಮೊಬೈಲಿನಲ್ಲಿ ದೂರದೂರಿನ ಯಾರಿಗೋ ತರ್ಪಣ ಮಾಡಿಸಿ ಮುಗಿಸಿದ್ದ. ಈಗ ಇದೊಂದು ರೂಢಿಯಾಗಿದೆ: ಅವರು ತಮ್ಮ ಅಡುಗೆಮನೆಯಲ್ಲಿ ಕೂತು ಕೈಯಲ್ಲಿ ನೀರು ಹಿಡಿಯುತ್ತಾರೆ, ಇವನು ಗಂಗೆಯ ಮೆಟ್ಟಿಲ ಮೇಲೆ ಕೂತು ಮಂತ್ರ ಹೇಳುತ್ತಾನೆ. ಅವನ ಪಕ್ಕದಲ್ಲೇ ಕೂತಿದ್ದ ನನ್ನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಇವಳ ಅರ್ಧ ಮುಖ, ಹಿಂದೆ ಸ್ವೆಟರಿನ ಜನ.

“ರೀ, ರೋಪ್‌ವೇ ಹತ್ರ ಇದೀನಿ. ಡಬ್ಬಿ ಬಂದು ಬಂದು ಹೋಗ್ತಿದೆ. ಕೆಳಗೆ ಏನೂ ಇಲ್ಲ ರೀ! ಬರೀ ಗಾಳಿ!”

“ಮೇಲೆ ತಂತಿ ಇದೆಯಲ್ಲ,” ಎಂದೆ.

“ತಂತಿ ಕಾಣುತ್ತೆ. ಕಾಲೇ ಏಳ್ತಿಲ್ಲ. ಯಾರಾದ್ರೂ ಜೊತೇಲಿದ್ರೆ ಹತ್ತಿಬಿಡ್ತಿದ್ದೆ. ಕೈ ಹಿಡ್ಕೊಳ್ಳೋಕೆ ಒಬ್ರೂ ಇಲ್ಲ.” ಹಿಂದೆ ತಿರುಗಿ ಡಬ್ಬಿ ನೋಡಿ, “ವಾಪಸ್ ಬಂದುಬಿಡ್ಲಾ?” ಎಂದಳು.

ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಗೂಳಿಯ ಹಿಂದೆಯೇ ಬಂದ ಮಾವನವರು ಓಣಿಯ ತಿರುವಿನಲ್ಲಿ ಹೇಳಿದ್ದು: ಹೋಗಬೇಡಿ, ಹಿಂದಿರುಗಿ. ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ, ಇಂದು ಹಿಂದಿರುಗಿದರೆ ಇವಳು ಇನ್ನೆಂದೂ ಹಿಮ ಕಾಣಲಾರಳು ಎಂಬುದೂ ಬಂತು. ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡವು.

ಭಾವಮೈದುನ ಫೋನು ಕಸಿದುಕೊಂಡ. “ಅಕ್ಕಾ, ಸಂಕಲ್ಪ ಮಾಡಿಸಿಬಿಡ್ತೀನಿ. ಸಂಕಲ್ಪ ಆದ್ಮೇಲೆ ಹಿಂದೆ ಬರೋ ಹಾಗಿಲ್ಲ, ಗೊತ್ತಲ್ಲ? ನೀರಿದೆಯಾ?”

“ಬಾಟ್ಲಿದೆ.”

“ಬಲಗೈಗೆ ಹಾಕ್ಕೋ. ಚಲೋ.” ಕಣ್ಣು ಮುಚ್ಚಿ ರಾಗವೆತ್ತಿದ: “ಜಂಬೂದ್ವೀಪೇ, ಭರತವರ್ಷೇ…” ಅಲ್ಲಿಗೆ ನಿಂತು ಕಣ್ಣು ತೆರೆದ. “ಭಾವ, ಆಲ್ಪ್ಸ್ ಯಾವ ದ್ವೀಪದಲ್ಲಿದೆ?”

“ಯಾಕೆ?”

“ಅವಳು ಭರತವರ್ಷದಲ್ಲಿ ಇಲ್ವಲ್ಲ! ಅಮೆರಿಕಾದವ್ರಿಗೆ ಕ್ರೌಂಚದ್ವೀಪೇ ಅಂತೀವಿ. ಯೂರೋಪಿನೋರು ಇದುವರೆಗೆ ಯಾರೂ ಕೇಳಿಲ್ಲ. ನೀವು ಭೂಮಿ ಓದಿದೋರು, ಹೇಳಿ.”

“ಆಲ್ಪ್ಸೂ ಹಿಮಾಲಯವೂ ಹೆಚ್ಚು ಕಡಿಮೆ ಒಂದೇ ಕಾಲದ ಮಡಿಕೆ ಪರ್ವತಗಳು,” ಎಂದೆ ಗಂಭೀರವಾಗಿ. “ಆ ಲೆಕ್ಕದಲ್ಲಿ ಜಂಬೂದ್ವೀಪ ಎನ್ನಲು ಅಡ್ಡಿಯಿಲ್ಲ.”

“ಮೇರುವಿಗೆ ಯಾವ ದಿಕ್ಕು?”

“ಮೇರು ಎಲ್ಲಿದೆ ಅಂತ ಮೊದಲು ನೀನು ಹೇಳು.”

“ಲೇ!” ಫೋನಿನಿಂದ ಇವಳ ಕೂಗು. “ಕೈಯಲ್ಲಿ ನೀರು ಸೋರ್ತಿದೆ! ಹಿಂದೆ ಲೈನು ನಿಂತಿದೆ! ಆಮೇಲೆ ಜಗಳ ಆಡ್ಕೊಳ್ಳಿ!”

ಭಾವಮೈದುನ ಗಾಬರಿಯಿಂದ ದ್ವೀಪವನ್ನೇ ಕೈಬಿಟ್ಟು, “ಅಸ್ಮಿನ್ ಪ್ರದೇಶೇ” ಎಂದುಬಿಟ್ಟ. ಈ ಜಾಗದಲ್ಲಿ ಎಂದರ್ಥ. ಆ ಜಾಗಕ್ಕಾದರೂ ತಾನೆಲ್ಲಿದ್ದೇನೆಂದು ತಿಳಿದಿರಬೇಕು. ಆಮೇಲೆ ತಿಥಿ, ವಾರ, ನಕ್ಷತ್ರ ಸರಾಗವಾಗಿ ಹರಿದವು. ಕೊನೆಗೆ ಅಭ್ಯಾಸಬಲದಿಂದ ನನ್ನ ಗೋತ್ರ, ನನ್ನ ಹೆಸರು ಹೇಳಿ, “ಧರ್ಮಪತ್ನೀ ಸಮೇತಃ ಅಹಂ” ಎಂದ. ಧರ್ಮಪತ್ನಿಯ ಸಮೇತನಾದ ನಾನು ಎಂದು.

“ನಿಲ್ಸೋ,” ಎಂದಳು ಇವಳು. “ಅವ್ರೆಲ್ಲಿದಾರೆ ಇಲ್ಲಿ? ಅವ್ರಿಗೆ ವೀಸಾನೇ ಕೊಟ್ಟಿಲ್ಲ!”

ಭಾವಮೈದುನ ನನ್ನ ಮುಖ ನೋಡಿದ. ನಾನು ಗಂಗೆಯನ್ನು ನೋಡಿದೆ. ವೀಸಾ ಇಲ್ಲದವನ ಹೆಸರಿನಲ್ಲಿ ಪರದೇಶದಲ್ಲಿ ಸಂಕಲ್ಪ ನಡೆಯದೆಂಬುದು ನ್ಯಾಯವಾಗಿಯೇ ಇತ್ತು. ಅವನು ಅಪ್ಪನಿಂದ ಕಲಿತ ಪಾಠದಲ್ಲಿ ಇದಕ್ಕೆ ಎಡೆ ಇದ್ದಿರಲಾರದು. ಅವನು ತುಟಿ ಅಲ್ಲಾಡಿಸುತ್ತ ವ್ಯಾಕರಣ ಸರಿಮಾಡಿಕೊಂಡ. ಆಮೇಲೆ ಅಕ್ಕನ ಹೆಸರು ಹೇಳಿ, “ನಾಮ್ನೀ ಅಹಂ, ಏಕಾಕಿನೀ…” ಎಂದ. ಈ ಹೆಸರಿನವಳಾದ ನಾನು, ಒಬ್ಬಳೇ.

ಇವಳ ಮುಖ ಪರದೆಯ ಹತ್ತಿರಕ್ಕೆ ಬಂತು.

“ಇನ್ನೊಂದ್ಸಲ ಹೇಳೋ,” ಎಂದಳು.

ಹೇಳಿದ. ಹುಟ್ಟಿದಂದಿನಿಂದ ಮಂತ್ರಗಳ ನಡುವೆಯೇ ಇದ್ದವಳು. ಅವುಗಳಲ್ಲಿ ತನ್ನ ಹೆಸರು ಮೊದಲು ಬಂದದ್ದನ್ನು ಅವಳು ಎಂದಾದರೂ ಕೇಳಿದ್ದಳೋ ಇಲ್ಲವೋ ನನಗೆ ನೆನಪಿಗೆ ಬರಲಿಲ್ಲ.

“ಹಿಮದರ್ಶನಂ ಕರಿಷ್ಯೇ. ನೀರು ಬಿಡು ಅಕ್ಕಾ.”

“ಕರಿಷ್ಯೇ,” ಎಂದು ನೀರು ಬಿಟ್ಟಳು. ಅಲ್ಲಿನ ಕೆಲಸದವನು ಒದ್ದೆ ನೆಲ ನೋಡಿ ಏನೋ ಹೇಳುತ್ತಿದ್ದದ್ದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದಾಯಿತು. ಪರದೆ ಕಪ್ಪಾಯಿತು.

ಹತ್ತಿದಳೋ, ಬಾಗಿಲು ಮುಚ್ಚಿದ್ದು ಇವಳನ್ನು ಬಿಟ್ಟೋ? ನಾವಿಬ್ಬರೂ ಊಟ ಮರೆತು ಕೂತೆವು. ಬಹಳ ಹೊತ್ತಿನ ಮೇಲೆ ಕರೆ ಬಂತು. ಪರದೆಯ ತುಂಬ ಬಿಳುಪು. ಮೊದಲು ಫೋನು ಕೆಟ್ಟಿದೆಯೆಂದುಕೊಂಡೆ.

“ಕಾಣ್ತಿದೆಯಾ?” ದನಿ ಮಾತ್ರ ಬಂತು. “ಇದೇ ರೀ! ಕಾಲಡೀಲೇ ಇದೆ!” ಅಷ್ಟರಲ್ಲಿ ಇವಳ ತಲೆ ಕಾಣಿಸಿತು, ನೆತ್ತಿಯ ಮೇಲೆ ಹಿಮದ ಒಂದು ಮುಷ್ಟಿ, ಹಣೆಗೆ ಇಳಿಯುತ್ತಿತ್ತು. “ಮೊದಲ್ನೇ ಮುಳುಗು ನನ್ನ ಹೆಸರಿಗೆ ಹಾಕ್ಕೊಂಡೆ. ನಿಮ್ಮ ಹೆಸರಿಗೆ ಎರಡನೇದು. ಉಫ್, ಚಳಿ! ಮತ್ತೆ ರೀ, ತೀರ್ಥಕ್ಕೆ ಬಂದ್ಮೇಲೆ ಏನಾದ್ರೂ ಬಿಡಬೇಕಲ್ಲ, ಬಿಟ್ಟೆ.”

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಇಲ್ಲೇ ಬಿಟ್ಟು, ಮತ್ತೆಂದೂ ಮುಟ್ಟದಿರುವುದು ವಾಡಿಕೆ.

“ಏನು ಬಿಟ್ಟೆ?”

“ಅದನ್ನ ಹೇಳಬಾರ್ದು,” ಎಂದಳು.

ಇವಳು ಮರಳಿ ಬಂದ ಮೇಲೆ ನಾನು ಪತ್ತೇದಾರನಾದೆ. ಬದನೆಕಾಯಿ ಬಡಿಸಿದರೆ ತಿಂದಳು. ಕಾಫಿ ಕುಡಿದಳು. ಕಚೌರಿ ತಂದುಕೊಟ್ಟೆ, ಇನ್ನೊಂದು ಕೇಳಿದಳು. ಬಾಳೆಹಣ್ಣು, ಸೀಬೆ, ಹಾಗಲಕಾಯಿ, ಎಲ್ಲವನ್ನೂ ಸರದಿಯಂತೆ ಮುಂದಿಟ್ಟೆ. ಯಾವುದನ್ನೂ ಬಿಟ್ಟಿರಲಿಲ್ಲ. ಆಲ್ಪ್ಸಿಗೆ ಈ ನಿಯಮ ಅನ್ವಯಿಸದೇನೋ ಎಂದು ಭಾವಮೈದುನನನ್ನು ಕೇಳಿದೆ. ದ್ವೀಪ ಯಾವುದೆಂದು ಗೊತ್ತಾಗದೆ ಏನೂ ಹೇಳಲಾಗದೆಂದ.

ಒಂದು ಸಂಜೆ ನಾನು ಪತ್ರಿಕೆ ಓದುತ್ತ ಕೂತಿದ್ದೆ. ಇವಳು ಶಾಲು ಹೊದ್ದು, ಕೋಲು ತೆಗೆದುಕೊಂಡು ಮೆಟ್ಟಿಲಿಳಿದಳು. ಅಷ್ಟೇ. ನಾನು ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಏನೋ ತಪ್ಪಿತ್ತು, ಏನೆಂದು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮದುವೆಯಾದಂದಿನಿಂದ ಇವಳು ಹೊಸಿಲು ದಾಟುವ ಮೊದಲು, ತರಕಾರಿಗೇ ಹೊರಟಿರಲಿ, “ನೀವೂ ಬರ್ತೀರಾ?” ಎಂದು ಕೇಳದೆ ಹೋದವಳಲ್ಲ. ನಾನು ಇಲ್ಲವೆನ್ನುವುದು, ಅವಳು ಆಮೇಲೆ ಯಾರಾದರೂ ಯಾತ್ರಿಕಳನ್ನು ಜೊತೆ ಮಾಡಿಕೊಳ್ಳುವುದು ದಿನದ ಆರತಿಯಷ್ಟೇ ಖಾಯಂ ಆಗಿತ್ತು. ಇಂದು ಕೇಳಿರಲಿಲ್ಲ.

ಪತ್ರಿಕೆ ಬಿಟ್ಟು ಕೆಳಗೆ ಹೋದೆ. ಘಾಟಿನ ಮೇಲಿನ ಮೆಟ್ಟಿಲಲ್ಲಿ ಒಬ್ಬಳೇ ಕೂತು ನದಿ ನೋಡುತ್ತಿದ್ದಳು.

“ನಾನೂ ಬರಲೇ?” ಎಂದೆ. ಈ ವಾಕ್ಯವನ್ನು ಹೇಗೆ ಹೇಳಬೇಕೆಂಬ ಅಭ್ಯಾಸವಿರಲಿಲ್ಲ. ದನಿ ಸ್ವಲ್ಪ ಜೋರಾಯಿತು.

ಅವಳು ತಿರುಗಿ ನೋಡಿ, ಪಕ್ಕದಲ್ಲಿ ಒಂದಷ್ಟು ಜಾಗ ಮಾಡಿದಳು.

“ಬನ್ನಿ,” ಎಂದಳು. “ಆದ್ರೆ ಆಮೇಲೆ ಏನು ಅಂತ ಮಾತ್ರ ಕೇಳಬೇಡಿ.”