ಮದುವಣಗಿತ್ತಿಗೆ ದಾರಿ ತುಳಿದ ಟೋಮೆ

ಎಚಿಗೊ ಬೆಟ್ಟಗಳ ನಡುವಿನ ಕುರಾಸವಾ ಎಂಬ ಹಳ್ಳಿಯಲ್ಲಿ ಚಳಿಗಾಲ ಬಂತೆಂದರೆ ಮಹಡಿಯ ಕಿಟಕಿಯೇ ಬಾಗಿಲು. ಅಷ್ಟು ಹಿಮವನ್ನು ಎತ್ತಿ ಹಾಕಲು ಯಾರಿಂದಲೂ ಆಗದು. ಬಿದ್ದದ್ದನ್ನು ತುಳಿದು ತುಳಿದು ಗಟ್ಟಿ ಮಾಡಿ ದಾರಿ ಬಿಡಿಸಬೇಕು. ದಿನಕ್ಕೊಂದು ಮನೆಯ ಸರದಿ. ಸರದಿಯ ಹಲಗೆ ಯಾರ ಮನೆಗೆ ಬಂತೋ ಆ ಮನೆಯ ಗಂಡಸು ಕಾಲಿಗೆ ಬೆತ್ತದ ಹಿಮಮೆಟ್ಟು ಕಟ್ಟಿಕೊಂಡು ಹೊರಡಬೇಕು.

ಟೋಮೆಯ ಗಂಡ ಮರ ಬಿದ್ದು ಸತ್ತ ವರ್ಷ, ಪಾಪ ಒಂಟಿ ಹೆಂಗಸು ಎಂದು ಊರವರು ಹಲಗೆಯನ್ನು ಅವಳ ಮನೆ ದಾಟಿಸಿ ಮುಂದಕ್ಕೆ ಕೊಟ್ಟರು. ಅವಳು ಪಕ್ಕದ ಮನೆಗೆ ನುಗ್ಗಿ ಹಲಗೆ ಕಿತ್ತುಕೊಂಡು ಬಂದಳು. “ಸತ್ತಿದ್ದು ನನ್ನ ಗಂಡ. ನನ್ನ ಕಾಲಿಗೆ ಏನಾಗಿದೆ?” ಅಂದಳು.

ಅದಾಗಿ ಹದಿನೆಂಟು ವರ್ಷಕ್ಕೆ ಊರ ಹಿರಿಯ ಗೆನ್‌ಜಿರೋನ ಮಗ ಶೂಜೋಗೆ ಬೆಟ್ಟದಾಚೆಯ ನೆಮೊರಿಯ ಹುಡುಗಿ ಫುಮಿಯೊಂದಿಗೆ ಮದುವೆ ಗೊತ್ತಾಯಿತು. ಎರಡೂ ಊರವರು ತಮ್ಮ ತಮ್ಮ ಕಡೆಯಿಂದ ಬೆಟ್ಟದ ನೆತ್ತಿಯವರೆಗೆ ದಾರಿ ತುಳಿಯುವುದು ಎಂದು ಮಾತಾಗಿತ್ತು. ಮದುವೆಗೆ ನಾಲ್ಕು ದಿನ ಮೊದಲು ಶುರುವಾದ ಹಿಮ ನಿಲ್ಲಲೇ ಇಲ್ಲ.

ಮದುವೆಯ ದಿನ ಬೆಳಿಗ್ಗೆ ಗೆನ್‌ಜಿರೋ ಕೈಚೆಲ್ಲಿದ. “ಮದುವೆ ಮುಂದಕ್ಕೆ ಹಾಕೋಣ ಕಣಮ್ಮ.”

“ಅವರು ಆಗಲೇ ಹೊರಟಿದ್ರೆ?” ಟೋಮೆ ಗದರಿದಳು. “ನೆತ್ತಿ ಮೇಲೆ ನಿಂತು, ನಮ್ಮ ದಾರಿ ಕಾಣದೆ ಆ ಹುಡುಗಿ ವಾಪಸ್ ಹೋಗಬೇಕಾ? ಏಳಣ್ಣ, ಮೆಟ್ಟು ಕಟ್ಟು!”

ಒಬ್ಬಳಿದ್ದದ್ದು ಇಬ್ಬರಾದರು, ಇಬ್ಬರಿದ್ದದ್ದು ಇಪ್ಪತ್ತಮೂರು ಜನರಾದರು. ಬಾಣಂತಿಯರು, ಮಕ್ಕಳು, ಮುದುಕರು, ಮನೆಯ ಚಾವಣಿಯ ಹಿಮ ತಳ್ಳಲು ಉಳಿದ ಮದುಮಗ, ಇಷ್ಟು ಜನರನ್ನು ಬಿಟ್ಟರೆ ಊರೇ ಹೊರಟಿತು. ಎದೆಮಟ್ಟದ ಹಿಮ. ಮುಂದಿನವರು ನೂರು ಹೆಜ್ಜೆ ತುಳಿದು ಏದುಸಿರು ಬಿಡುತ್ತ ಸಾಲಿನ ಕೊನೆಗೆ ಸರಿದರೆ ಹಿಂದಿನವರು ಮುಂದಕ್ಕೆ ಬರುತ್ತಿದ್ದರು. ಟೋಮೆ ಮಾತ್ರ ಮುಂದಿನಿಂದ ಅಲ್ಲಾಡಲಿಲ್ಲ.

ಅರ್ಧ ದಾರಿಯಲ್ಲಿ ದಾರಿಯ ಗುರುತಿಗೆ ನೆಟ್ಟಿದ್ದ ಗಳಗಳೇ ಕಾಣಿಸಲಿಲ್ಲ, ಎಲ್ಲ ಹೂತುಹೋಗಿದ್ದವು. ಎಲ್ಲರೂ ನಿಂತರು. ಟೋಮೆ ಸುತ್ತ ಕಣ್ಣಾಡಿಸಿ, ಹಿಮದಿಂದ ಇಣುಕುತ್ತಿದ್ದ ಮೂರು ಮರಗಳ ತುದಿಯನ್ನೇ ಗುರುತು ಹಿಡಿದು ಎಡಕ್ಕೆ ತಿರುಗಿದಳು. ಮುಂದೆ ಕಡಿದಾದ ಇಳಿಜಾರು. ಹಿಮ ಜಾರಿದರೆ ಮುಗಿಯಿತು. “ಒಬ್ಬೊಬ್ಬರೇ ಬನ್ನಿ. ಕೆಮ್ಮಬೇಡಿ!” ಎಂದು ಪಿಸುಗುಟ್ಟಿದಳು. ಇಪ್ಪತ್ತಮೂರು ಜನ ಉಸಿರು ಬಿಗಿಹಿಡಿದು ದಾಟಿದರು. ಕೊನೆಯವನು ದಾಟಿದ್ದೇ ತಡ, ಹಿಂದೆ ಧೊಪ್ಪನೆ ಒಂದು ರಾಶಿ ಹಿಮ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ; ಹೆದರಿಕೆಗೋ ಖುಷಿಗೋ ಎಲ್ಲರೂ ನಗತೊಡಗಿದರು.

ಆಗಲೇ ಮೇಲಿನಿಂದ “ಹೋಯ್!” ಎಂಬ ಕೂಗು ಕೇಳಿತು.

ಟೋಮೆ ಕೊನೆಯ ಏರನ್ನು ಬಹುಮಟ್ಟಿಗೆ ಓಡಿಯೇ ಹತ್ತಿದಳು. ನೆತ್ತಿಯಲ್ಲಿ ನೆಮೊರಿಯವರ ಸಾಲು, ಅದರ ಮುಂದೆ ತಲೆಗೆ ಬಟ್ಟೆ ಸುತ್ತಿ, ಮೊಣಕಾಲವರೆಗೆ ಉಡುಗೆ ಎತ್ತಿ ಸಿಕ್ಕಿಸಿಕೊಂಡು ಧಡಧಡ ತುಳಿಯುತ್ತಿದ್ದ ಒಬ್ಬ ಹುಡುಗಿ.

ಗೆನ್‌ಜಿರೋ ಏದುತ್ತ ಬಂದು ಆ ಹುಡುಗಿಯನ್ನೇ ಕೇಳಿದ, “ಮದುವಣಗಿತ್ತಿ ಹಿಂದೆ ಇದ್ದಾಳೇನಮ್ಮ?”

“ನಾನೇ, ಮಾವ. ಮದುವೆ ಉಡುಗೆ-ಒಡವೆ ಗಂಟು ಹಿಂದೆ ಬರ್ತಿದೆ.”

ಬೆಟ್ಟವೇ ನಕ್ಕಂತಾಯಿತು. ಟೋಮೆ ಹುಡುಗಿಯ ಕೆಂಪಾದ ಕೈಗಳನ್ನು ಉಜ್ಜಿ, ಮಡಿಲಲ್ಲಿ ಬೆಚ್ಚಗಿಟ್ಟಿದ್ದ ಅನ್ನದುಂಡೆ ಕೊಟ್ಟಳು. “ತಿನ್ನು ಮಗಳೇ. ಗೆನ್‌ಜಿರೋಣ್ಣ, ಸೊಸೆ ಸಿಗಲಿಲ್ಲ ನಿನಗೆ, ಎತ್ತು ಸಿಕ್ತು!”

ಕುಸಿದ ಹಿಮದ ಮೇಲೆ ಹೊಸದಾಗಿ ತುಳಿದುಕೊಂಡು ಟೋಮೆ, ಫುಮಿ ಇಬ್ಬರೂ ಸಾಲಿನ ಮುಂದೆ ಅಕ್ಕಪಕ್ಕ ಇಳಿದರು. ಮಧ್ಯಾಹ್ನದ ಹೊತ್ತಿಗೆ ಊರು ಕಂಡಿತು. ಚಾವಣಿಯ ಹಿಮ ತಳ್ಳುತ್ತಿದ್ದ ಶೂಜೋ ಸಾಲನ್ನು ನೋಡಿದವನೇ ಸಲಿಕೆ ಬಿಸಾಕಿ ಅಲ್ಲಿಂದಲೇ ಹಾರಿದ, ಕುತ್ತಿಗೆವರೆಗೆ ಹೂತುಹೋದ. ಫುಮಿ ಒಂದು ಕೈ, ಟೋಮೆ ಇನ್ನೊಂದು ಕೈ ಹಿಡಿದು ಮದುಮಗನನ್ನು ಎಳೆದು ಮೇಲೆತ್ತಿದರು.